ಘಟ್ಟದ ದಾರಿಯಲ್ಲಿ ಟೈರು ಕೈಕೊಟ್ಟಾಗ: ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಮತ್ತು ಬ್ಯಾಟರಿ ಪಂಪು, ಬಳಸಿ ನೋಡಿದ ಮೇಲೆ

ಟ್ಯೂಬ್‌ಲೆಸ್ ಟೈರಿನ ಬೈಕು ಇಟ್ಟುಕೊಂಡವರಿಗಾಗಿ ಪೇಟೆಯಲ್ಲಿ ಮಾರುವ ಪಂಕ್ಚರ್ ಕಿಟ್ಟನ್ನೂ, ಅದರ ಜೊತೆಗೆ ಚಾರ್ಜ್ ಮಾಡಿ ಬಳಸುವ ಪುಟ್ಟ ಗಾಳಿ ಪಂಪನ್ನೂ ನಾನು ಬಹಳ ಕಾಲದಿಂದ ಬ್ಯಾಗಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ಊರೊಳಗೆ, ಮನೆಯ ಮುಂದೆ ನಿಲ್ಲಿಸಿದ ಗಾಡಿಗೆ ಇವುಗಳನ್ನು ಬಳಸಿ ನೋಡುವುದು ಒಂದು. ಶಿರಾಡಿ ಘಾಟಿಯ ಇಳಿಜಾರಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುತ್ತಿರುವಾಗ ಹಿಂದಿನ ಟೈರು ಇದ್ದಕ್ಕಿದ್ದಂತೆ ಗಾಳಿ ಬಿಟ್ಟು, ಆಮೇಲೆ ಇವುಗಳನ್ನೇ ನಂಬಿ ಮುಂದೆ ಸಾಗುವುದು ಇನ್ನೊಂದು. ಎರಡನೆಯದು ಆದ ಮೇಲೆಯೇ ಇವುಗಳ ಬಗ್ಗೆ ಬರೆಯುವ ಧೈರ್ಯ ಬಂತು. ದೂರದ ದಾರಿ ಹೋಗುವ ಪ್ರತಿಯೊಬ್ಬ ಸವಾರರೂ ಇವೆರಡನ್ನೂ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಡಬ್ಬಿಯ ಮೇಲೆ ಎಲ್ಲಿಯೂ ಬರೆದಿರದ ಒಂದು ಸಂಗತಿ ಇದೆ. ಕಿಟ್ಟು ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ಅದನ್ನು ಬಿಚ್ಚುವ ಮೊದಲೇ, ಗಾಳಿ ಹೋದ ಮೊದಲ ಕೆಲವು ಕ್ಷಣಗಳಲ್ಲಿ ಸವಾರನು ಗಾಡಿಯನ್ನು ಹೇಗೆ ನಿಲ್ಲಿಸಿದ ಎಂಬುದರ ಮೇಲೆ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಹೀಗಾಗಿ ಈ ವಿಮರ್ಶೆಯಲ್ಲಿ ಸರಕಿನಷ್ಟೇ ಜಾಗವನ್ನು ಗಾಡಿ ನಿಲ್ಲಿಸುವ ಬಗೆಗೂ ಕೊಟ್ಟಿದ್ದೇನೆ.

ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಕಿಟ್ಟುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನ ಸರಕು. ಬೇರೆ ಬೇರೆ ಲೇಬಲ್ಲು ಅಂಟಿಸಿಕೊಂಡು ಬರುತ್ತವೆ. ಕಡಿಮೆ ಬೆಲೆಯದು ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಗಟ್ಟಿಯಾದ ಹಿಡಿಯುಳ್ಳದ್ದಕ್ಕೆ ಅದರ ಎರಡು ಮೂರು ಪಟ್ಟು ಕೊಡಬೇಕಾಗುತ್ತದೆ. ಒಳಗೆ ಇರುವುದು ಇಷ್ಟೇ: ತೂತನ್ನು ಉಜ್ಜಿ ಸರಿಮಾಡಲು ಒರಟು ಸುರುಳಿಯುಳ್ಳ ಒಂದು ಸಲಾಕೆ, ಸ್ಟ್ರಿಪ್ಪನ್ನು ಒಳಗೆ ತಳ್ಳಲು ತುದಿಯಲ್ಲಿ ಸೀಳಿದ ಕಣ್ಣುಳ್ಳ ದಬ್ಬಣದಂತಹ ಸೂಜಿ, ಅಂಟು ಸವರಿದ ಕಂದು ಬಣ್ಣದ ಕೆಲವು ರಬ್ಬರ್ ಸ್ಟ್ರಿಪ್ಪುಗಳು, ಅಂಗಡಿಯವರೆಲ್ಲರೂ ಸೊಲ್ಯೂಷನ್ ಎಂದೇ ಕರೆಯುವ ಅಂಟಿನ ಒಂದು ಸಣ್ಣ ಟ್ಯೂಬು, ಉಳಿದದ್ದನ್ನು ಕತ್ತರಿಸಲು ಒಂದು ಬ್ಲೇಡು. ಪಂಪು ಬೇರೆಯೇ ಕೊಳ್ಳಬೇಕು; ಒಳ್ಳೆಯದು ಎರಡು ಸಾವಿರ ರೂಪಾಯಿಗಿಂತ ಮೇಲೆಯೇ.

ಟ್ಯೂಬ್‌ಲೆಸ್ ಟೈರು ರಿಮ್ಮಿಗೆ ಕಚ್ಚಿಕೊಂಡಿರುವುದು ಒಳಗಿನ ಗಾಳಿಯ ಒತ್ತಡದಿಂದ. ಟೈರಿನ ಅಂಚಿನಲ್ಲಿ ತಂತಿ ಸೇರಿಸಿ ಮಾಡಿದ ಗಟ್ಟಿ ಉಂಗುರವಿದೆ, ಅದಕ್ಕೆ ಬೀಡ್ ಎನ್ನುತ್ತಾರೆ. ಗಾಳಿಯು ಆ ಬೀಡನ್ನು ರಿಮ್ಮಿನ ಅಂಚಿಗೆ ಒತ್ತಿ ಹಿಡಿದಿರುತ್ತದೆ. ಗಾಳಿ ಹೋದ ಮೇಲೂ ಗಾಡಿಯನ್ನು ನೇರವಾಗಿ, ನಿಧಾನವಾಗಿ, ಸ್ವಲ್ಪವೇ ದೂರದಲ್ಲಿ ನಿಲ್ಲಿಸಿದರೆ ಬೀಡ್ ಸಾಮಾನ್ಯವಾಗಿ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ತೂತು ಮುಚ್ಚಿ ಗಾಳಿ ತುಂಬಿದರೆ ಟೈರು ಮತ್ತೆ ಎದ್ದು ನಿಲ್ಲುತ್ತದೆ. ಆದರೆ ಗಾಬರಿಯಿಂದ ಬ್ರೇಕ್ ಒತ್ತಿ ಗಾಡಿ ಅಡ್ಡಾದಿಡ್ಡಿ ಜಾರಿದರೆ, ಅಥವಾ ಅಂಗಡಿ ಸಿಗಲಿ ಎಂದು ಖಾಲಿ ಟೈರಿನಲ್ಲಿಯೇ ಕಿಲೋಮೀಟರುಗಟ್ಟಲೆ ಓಡಿಸಿದರೆ ಬೀಡ್ ಜಾಗ ಬಿಟ್ಟು ರಿಮ್ಮಿನ ಒಳಗುಣಿಗೆ ಬೀಳುತ್ತದೆ. ಅದನ್ನು ಮತ್ತೆ ಅಂಚಿಗೆ ಕೂರಿಸಲು ಒಮ್ಮೆಲೇ ರಭಸದಿಂದ ನುಗ್ಗುವ ಗಾಳಿ ಬೇಕು, ಅಂಗಡಿಯ ದೊಡ್ಡ ಕಂಪ್ರೆಸರ್ ಬೇಕು. ಅಂಗೈಯಗಲದ ಬ್ಯಾಟರಿ ಪಂಪು ಎಷ್ಟು ಹೊತ್ತು ಗುರುಗುಟ್ಟಿದರೂ ಹಾಕಿದ ಗಾಳಿಯೆಲ್ಲ ಸಂದಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಅಂತಹ ಹೊತ್ತಿನಲ್ಲಿ ಎಷ್ಟು ಬೆಲೆಯ ಕಿಟ್ಟಿದ್ದರೂ ಉಪಯೋಗವಿಲ್ಲ.

ನನ್ನ ಗಾಡಿ 160 ಸಿಸಿಯದು, ಅಲಾಯ್ ಚಕ್ರ, ಹದಿನೇಳು ಇಂಚಿನ ಟೈರು. ಸಕಲೇಶಪುರದಿಂದ ಹೊರಟು ದೋಣಿಗಲ್ ಮತ್ತು ಮಾರನಹಳ್ಳಿಯನ್ನು ದಾಟಿ ಗುಂಡ್ಯದ ಕಡೆಗೆ ಇಳಿಯುತ್ತಿದ್ದೆವು. ಹಿಂದೆ ನನ್ನ ತಮ್ಮ ಕುಳಿತಿದ್ದ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಸಾಮಾನ್ಯವಾಗಿ ಮೊಳೆಯೇ ತೂತನ್ನು ಮುಚ್ಚಿಕೊಂಡು ಗಾಳಿ ನಿಧಾನವಾಗಿ ಇಳಿಯುತ್ತದೆ, ಮಾರನೆಯ ದಿನ ಬೆಳಗ್ಗೆಯೇ ನಮಗೆ ಗೊತ್ತಾಗುವುದು. ಆ ದಿನ ಹಾಗೆ ಆಗಲಿಲ್ಲ. ದಪ್ಪ ಮೊಳೆಯೊಂದು ಓರೆಯಾಗಿ ಹೊಕ್ಕು, ಚಕ್ರ ಉರುಳಿದಂತೆ ಅಲುಗಾಡುತ್ತ ತೂತನ್ನು ಅಗಲಮಾಡಿತ್ತು. ಮೊದಲು ಗೊತ್ತಾದದ್ದು ಸದ್ದಿನಿಂದಲ್ಲ, ಸೀಟಿನಿಂದ. ಗಾಡಿಯ ಹಿಂಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ಓಲಾಡಿತು, ಮರುಕ್ಷಣ ಆ ಓಲಾಟ ಜೋರಾಯಿತು. ಹ್ಯಾಂಡಲ್ ಮಾತ್ರ ಎಂದಿನಂತೆ ಹಗುರವಾಗಿಯೇ ಇತ್ತು. ಹೋದದ್ದು ಯಾವ ಟೈರು ಎಂದು ತಿಳಿಯುವ ದಾರಿ ಇದೇ: ಹಿಂದಿನದು ಹೋದರೆ ಸೊಂಟದ ಕೆಳಗೆ ಗಾಡಿ ಬಳುಕುತ್ತದೆ, ಮುಂದಿನದು ಹೋದರೆ ಹ್ಯಾಂಡಲ್ ಭಾರವಾಗಿ, ತಿರುಗಿಸಿದ ಕಡೆಗೆ ಬಾರದೆ, ಒಂದು ಪಕ್ಕಕ್ಕೆ ಎಳೆಯತೊಡಗುತ್ತದೆ.

ಎರಡರಲ್ಲಿ ಯಾವುದೇ ಆಗಲಿ, ಮೊದಲು ಮಾಡಬೇಕಾದದ್ದು ಒಂದೇ. ಎರಡೂ ಕೈಗಳಿಂದ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಗಾಡಿಯನ್ನು ಇದ್ದ ಗೆರೆಯಲ್ಲಿಯೇ ನೇರವಾಗಿ ಹೋಗಲು ಬಿಡಬೇಕು, ಆಕ್ಸಲರೇಟರನ್ನು ಹಂತ ಹಂತವಾಗಿ ಇಳಿಸಬೇಕು. ಅಮೆರಿಕದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ ತನ್ನ ಸವಾರರಿಗೆ ಕಲಿಸುವ ಕ್ರಮವೂ ಇದೇ ಆಗಿದೆ. ಆಕ್ಸಲರೇಟರನ್ನು ಫಕ್ಕನೆ ಪೂರ್ತಿ ಬಿಟ್ಟರೆ ಎಂಜಿನ್ನು ಹಿಂದಿನ ಚಕ್ರವನ್ನು ಹಿಡಿದೆಳೆಯುತ್ತದೆ, ಗಾಳಿಯಿಲ್ಲದ ಟೈರು ಆ ಎಳೆತಕ್ಕೆ ಇನ್ನಷ್ಟು ಬಳುಕುತ್ತದೆ. ಒಮ್ಮೆಲೇ ಗೇರ್ ಇಳಿಸಿದರೂ ಆಗುವುದು ಇದೇ. ಜಾಗವಿದ್ದರೆ ಬ್ರೇಕನ್ನು ಮುಟ್ಟದೆಯೇ ವೇಗವನ್ನು ತಾನಾಗಿ ಇಳಿಯಲು ಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಬ್ರೇಕ್ ಬೇಕೇ ಬೇಕು ಎಂದಾದರೆ, ಯಾವ ಟೈರು ಹೋಗಿದೆ ಎಂಬುದು ಖಚಿತವಾದ ಮೇಲೆ, ಚೆನ್ನಾಗಿರುವ ಟೈರಿನ ಬ್ರೇಕನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಒತ್ತಬೇಕು. ಹಿಂದಿನದು ಹೋಗಿದ್ದರೆ ಮುಂದಿನ ಬ್ರೇಕು, ಮುಂದಿನದು ಹೋಗಿದ್ದರೆ ಹಿಂದಿನ ಬ್ರೇಕು. ಸಮತಟ್ಟಾದ ರಸ್ತೆಯಲ್ಲಿ ಬ್ರೇಕಿಲ್ಲದೆಯೇ ನಿಲ್ಲಿಸಬಹುದಾಗಿದ್ದ ಗಾಡಿಗೆ ಇಳಿಜಾರಿನಲ್ಲಿ ಬ್ರೇಕ್ ಅನಿವಾರ್ಯವಾಯಿತು. ಇಳಿಜಾರಾದ್ದರಿಂದ ಭಾರ ಆಗಲೇ ಮುಂದಿನ ಚಕ್ರದ ಕಡೆಗೆ ಸ್ವಲ್ಪ ಸರಿದಿದ್ದುದು ಅನುಕೂಲವೇ ಆಯಿತು. ಎರಡು ಬೆರಳುಗಳಿಂದ ಹಗುರವಾಗಿ ಮುಂದಿನ ಬ್ರೇಕ್ ಹಿಡಿದು ಬಿಟ್ಟು ಮಾಡುತ್ತ ವೇಗ ಇಳಿಸಿದೆ. ತಮ್ಮನಿಗೆ ಹೇಳಿದ್ದು ಒಂದೇ ಮಾತು: "ಅಲ್ಲಾಡಬೇಡ, ಕಾಲು ಕೆಳಗೆ ಇಡಬೇಡ." ಹಿಂದೆ ಕುಳಿತವರು ಹೆದರಿ ಒಂದು ಪಕ್ಕಕ್ಕೆ ವಾಲಿದರೆ ಸವಾರನ ಕೈಯಲ್ಲಿ ಏನೂ ಉಳಿಯುವುದಿಲ್ಲ. ದೂರದ ಪ್ರಯಾಣಕ್ಕೆ ಹೊರಡುವ ಮೊದಲು ಇದನ್ನು ಅವರಿಗೆ ಹೇಳಿಟ್ಟಿರುವುದು ಒಳ್ಳೆಯದು.

ಸಣ್ಣ ಗಾಡಿಗಳವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ದ್ವಿಚಕ್ರ ವಾಹನಗಳಿಗೆ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್, ಇಲ್ಲವೇ ಎರಡೂ ಚಕ್ರಗಳ ಬ್ರೇಕನ್ನು ಜೋಡಿಸುವ ಸಿಬಿಎಸ್ ಕಡ್ಡಾಯವಾಯಿತು, ಹೆಚ್ಚಿನ ತಯಾರಕರು ಸಿಬಿಎಸ್ ಅನ್ನೇ ಕೊಟ್ಟರು. ಅಂತಹ ಗಾಡಿಯಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಮುಂದಿನ ಟೈರು ಗಾಳಿ ಬಿಟ್ಟಾಗ "ಹಿಂದಿನ ಬ್ರೇಕು ಮಾತ್ರ" ಎಂಬ ಸೂತ್ರ ಅಲ್ಲಿ ಪೂರ್ತಿಯಾಗಿ ನಡೆಯುವುದಿಲ್ಲ. ಪೆಡಲನ್ನು ಬಹಳ ಹಗುರವಾಗಿ ಮುಟ್ಟುತ್ತ, ವೇಗ ಇಳಿಯಲು ಹೆಚ್ಚು ಜಾಗ ಕೊಡಬೇಕಾಗುತ್ತದೆ. ಡ್ರೈವಿಂಗ್ ಸ್ಕೂಲಿನಲ್ಲಾಗಲಿ ಶೋರೂಮಿನಲ್ಲಾಗಲಿ ಇದನ್ನು ಯಾರೂ ಹೇಳಿಕೊಡದಿರುವುದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ಗಾಡಿಯನ್ನು ಬದಿಗೆ ತೆಗೆದುಕೊಳ್ಳುವುದು ಕೊನೆಯ ಹಂತ, ಬೀಳುವ ಸಂಭವವೂ ಅಲ್ಲಿಯೇ ಹೆಚ್ಚು. ಶಿರಾಡಿಯ ರಸ್ತೆಗೆ ಈಗ ಕಾಂಕ್ರೀಟ್ ಹಾಕಿದ್ದಾರೆ. ಕಾಂಕ್ರೀಟಿನ ಅಂಚಿಗೂ ಪಕ್ಕದ ಮಣ್ಣಿಗೂ ನಡುವೆ ಹಲವು ಕಡೆ ಮೆಟ್ಟಿಲಿನಷ್ಟು ಅಂತರವಿದೆ. ಗಾಳಿಯಿಲ್ಲದ ಟೈರು ಆ ಅಂಚನ್ನು ಓರೆಯಾಗಿ ಇಳಿದರೆ ರಿಮ್ಮು ಅಂಚಿಗೆ ಸಿಕ್ಕಿ ಗಾಡಿ ಒರಗುತ್ತದೆ. ವೇಗ ನಡಿಗೆಯಷ್ಟಕ್ಕೆ ಬಂದ ಮೇಲೆ ಕ್ಲಚ್ ಹಿಡಿದು, ಮಣ್ಣು ರಸ್ತೆಯ ಮಟ್ಟಕ್ಕಿರುವ ಜಾಗವನ್ನು ನೋಡಿ ಇಳಿಸಬೇಕು. ಇಂಡಿಕೇಟರ್ ಹಾಕುವುದನ್ನು ಮರೆಯಬಾರದು, ಏಕೆಂದರೆ ಹಿಂದೆ ಬರುವ ಬಸ್ಸಿನವರಿಗೆ ನಮ್ಮ ಕಷ್ಟ ಕಾಣುವುದಿಲ್ಲ. ತಿರುವಿನ ಬಾಯಲ್ಲಿ ನಿಲ್ಲದೆ, ಎರಡೂ ಕಡೆಯಿಂದ ಬರುವವರಿಗೆ ಕಾಣುವಂತಹ ನೇರ ಭಾಗದಲ್ಲಿ ನಿಲ್ಲಿಸಿದೆವು. ನನ್ನ ತಮ್ಮ ಹೆಲ್ಮೆಟ್ ತೆಗೆಯದೆ, ಸ್ವಲ್ಪ ಮೇಲೆ ಹೋಗಿ ನಿಂತು, ಬರುವ ವಾಹನಗಳಿಗೆ ಕೈ ತೋರಿಸುತ್ತಿದ್ದ. ಕಿಟ್ಟಿನ ಡಬ್ಬಿಯ ಮೇಲೆ "ಐದು ನಿಮಿಷದಲ್ಲಿ ರಿಪೇರಿ" ಎಂದಿದೆ. ಆ ಮಾತನ್ನು ನಂಬಿ ಲಾರಿಗಳು ಉಜ್ಜಿಕೊಂಡು ಹೋಗುವ ಜಾಗದಲ್ಲಿಯೇ ಕುಳಿತು ಟೈರು ಬಗ್ಗಿ ನೋಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಜಾಗ ಸರಿಯಿಲ್ಲದಿದ್ದರೆ ಎಂಜಿನ್ ಬಲದಲ್ಲಿ ಮೊದಲನೇ ಗೇರಿನಲ್ಲಿ, ಗಾಡಿಯ ಪಕ್ಕದಲ್ಲಿ ನಡೆಯುತ್ತ ಒಳ್ಳೆಯ ಜಾಗದವರೆಗೆ ತಳ್ಳಿಕೊಂಡು ಹೋಗಿ. ಆ ನಿಧಾನದ ವೇಗದಲ್ಲಿ, ಸವಾರನ ಭಾರವೂ ಇಲ್ಲದಿರುವಾಗ ಬೀಡ್ ಜಾಗ ಬಿಡುವ ಸಾಧ್ಯತೆ ಕಡಿಮೆ.

ಇನ್ನು ಕಿಟ್ಟಿನ ಕೆಲಸ. ತೂತು ಹುಡುಕುವುದು ನನಗೆ ಸುಲಭವಾಯಿತು, ಮೊಳೆಯ ತಲೆ ಹೊಳೆಯುತ್ತಿತ್ತು. ಕಾಣದಿದ್ದಾಗ ಸ್ವಲ್ಪ ಗಾಳಿ ತುಂಬಿ, ಟೈರಿನ ಮೇಲೆ ನೀರು ಸುರಿದು ಗುಳ್ಳೆ ಏಳುವ ಜಾಗವನ್ನು ನೋಡಬೇಕು. ಮೊಳೆಯನ್ನು ಕೀಳುವ ಮೊದಲು ಅದು ಯಾವ ಕೋನದಲ್ಲಿ ಹೊಕ್ಕಿದೆ ಎಂಬುದನ್ನು ಗಮನಿಸಿಕೊಳ್ಳಬೇಕು, ಸಲಾಕೆಯೂ ಸೂಜಿಯೂ ಅದೇ ಕೋನದಲ್ಲಿಯೇ ಹೋಗಬೇಕಾಗುತ್ತದೆ. ಈ ಕಿಟ್ಟಿನ ಮೊದಲ ಕೊರತೆ ಕಂಡದ್ದು ಇಲ್ಲಿ: ಮೊಳೆ ಕೀಳಲು ಇಕ್ಕಳವೇ ಇಲ್ಲ. ಗಾಡಿಯ ಟೂಲ್ ಬ್ಯಾಗಿನಲ್ಲಿ ನಾನು ಬೇರೆಯಾಗಿ ಇಟ್ಟುಕೊಂಡಿದ್ದ ಇಕ್ಕಳ ಇಲ್ಲದಿದ್ದರೆ ಉಳಿದ ಸಲಕರಣೆಗಳೆಲ್ಲ ಹಾಗೆಯೇ ಬಿದ್ದಿರುತ್ತಿದ್ದವು. ಪಂಕ್ಚರ್ ಕಿಟ್ಟು ಎಂದು ಹೆಸರಿಟ್ಟು ಮಾರುವವರು ಒಂದು ಪುಟ್ಟ ಇಕ್ಕಳವನ್ನು ಸೇರಿಸದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸಲಾಕೆಯನ್ನು ತೂತಿನಲ್ಲಿ ಹಾಕಿ ತಿರುಗಿಸುತ್ತ ಒಳಗೆ ಹೊರಗೆ ಆಡಿಸುವುದು ನೋಡಿದಷ್ಟು ಸುಲಭವಲ್ಲ. ಟೈರಿನ ಒಳಗಿನ ಎಳೆಗಳು ಸಲಾಕೆಯನ್ನು ಕಚ್ಚಿ ಹಿಡಿಯುತ್ತವೆ, ಮೈಭಾರವನ್ನೆಲ್ಲ ಹಾಕಬೇಕಾಗುತ್ತದೆ. ಕಡಿಮೆ ಬೆಲೆಯ ಕಿಟ್ಟಿನ ಪ್ಲಾಸ್ಟಿಕ್ ಹಿಡಿ ಮುರಿಯುವುದು ಈ ಹಂತದಲ್ಲಿಯೇ. ಇಂಗ್ಲಿಷಿನ ಟಿ ಅಕ್ಷರದ ಆಕಾರದ, ಕಬ್ಬಿಣದ ಮೇಲೆ ರಬ್ಬರ್ ಹೊದಿಸಿದ ಹಿಡಿಯಿರುವ ಕಿಟ್ಟನ್ನೇ ಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಸ್ಟ್ರಿಪ್ಪನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ ಎರಡೂ ಬದಿ ಸಮವಾಗಿ ಇಳಿಬೀಳುವಂತೆ ಮಾಡಿ, ಸೊಲ್ಯೂಷನ್ ಸವರಿ, ಒಂದೇ ಒತ್ತಿನಲ್ಲಿ ತಳ್ಳಬೇಕು. ತುದಿಗಳು ಅರ್ಧ ಇಂಚಿನಷ್ಟು ಹೊರಗೆ ಉಳಿದಾಗ ನಿಲ್ಲಿಸಿ, ಸೂಜಿಯನ್ನು ತಿರುಗಿಸದೆ ಸರಕ್ಕನೆ ಹೊರಗೆಳೆಯಬೇಕು. ಆಗ ಸ್ಟ್ರಿಪ್ಪು ಕಣ್ಣಿನ ಸೀಳಿನಿಂದ ಕಳಚಿಕೊಂಡು ಒಳಗೆ ಗಂಟಾಗಿ ನಿಲ್ಲುತ್ತದೆ. ನಿಧಾನವಾಗಿ ಎಳೆದರೆ ಅದೂ ಸೂಜಿಯ ಜೊತೆಗೇ ಹೊರಬರುತ್ತದೆ. ನಮ್ಮ ತೂತು ಅಗಲವಾಗಿದ್ದುದರಿಂದ ಒಂದು ಸ್ಟ್ರಿಪ್ಪು ಸಾಲದೆ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು. ಅದರ ಪಕ್ಕದಲ್ಲಿಯೇ ಇನ್ನೊಂದನ್ನು ಬಿಗಿಯಾಗಿ ತುರುಕಿದ ಮೇಲೆ ನಿಂತವು. ತೂತು 6 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ ಸ್ಟ್ರಿಪ್ಪಿನ ಮೇಲೆ ಭರವಸೆ ಇಡಬಾರದು. ತೂತು ಟೈರಿನ ಪಕ್ಕದ ಗೋಡೆಯಲ್ಲಿದ್ದರಂತೂ ಸಲಾಕೆಯನ್ನು ಮುಟ್ಟಲೇಬಾರದು. ಸಾಗುವಾಗ ಆ ಭಾಗ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತಿರುತ್ತದೆ, ಅಲ್ಲಿ ತುರುಕಿದ ಸ್ಟ್ರಿಪ್ಪು ಕಿತ್ತುಬರಲು ಹೆಚ್ಚು ಹೊತ್ತು ಬೇಕಿಲ್ಲ.

ಸೊಲ್ಯೂಷನ್ ಟ್ಯೂಬು ಕಿಟ್ಟಿನ ಅತ್ಯಂತ ದುರ್ಬಲ ಭಾಗ. ಒಮ್ಮೆ ತೂತು ಮಾಡಿ ಬಳಸಿದರೆ, ಮುಚ್ಚಳ ಎಷ್ಟು ಬಿಗಿಮಾಡಿದರೂ ಕೆಲವು ತಿಂಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಸ್ಟ್ರಿಪ್ಪುಗಳೂ ಬಿಸಿಲಿಗೆ ನಿಂತ ಗಾಡಿಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಅಂಟು ಕಳೆದುಕೊಂಡು ಬಿರುಸಾಗುತ್ತವೆ. ಬೆರಳಿನಿಂದ ಒತ್ತಿದಾಗ ಅಂಟಿಕೊಳ್ಳದ ಸ್ಟ್ರಿಪ್ಪನ್ನು ಬಿಸಾಡಿ ಹೊಸದನ್ನು ತಂದಿಟ್ಟುಕೊಳ್ಳಬೇಕು. ಬಿಡಿಯಾಗಿ ಕೊಂಡರೆ ಬೆಲೆ ಬಹಳ ಕಡಿಮೆ.

ಪಂಪಿನ ಬಗ್ಗೆ ನನಗೆ ಹೆಚ್ಚು ಮೆಚ್ಚುಗೆಯಿದೆ. ಬೇಕಾದ ಪಿಎಸ್‌ಐ, ಅಂದರೆ ಗಾಳಿಯ ಒತ್ತಡದ ಅಳತೆಯನ್ನು ಪರದೆಯ ಮೇಲೆ ಹೊಂದಿಸಿ ಗುಂಡಿ ಒತ್ತಿದರೆ, ಅಷ್ಟು ತುಂಬಿದ ಕೂಡಲೇ ತಾನಾಗಿಯೇ ನಿಲ್ಲುತ್ತದೆ. ಪೂರ್ತಿ ಖಾಲಿಯಾದ ಹಿಂದಿನ ಟೈರು ತುಂಬಲು ಐದಾರು ನಿಮಿಷ ಹಿಡಿಯುತ್ತದೆ, ಆ ಹೊತ್ತಿಗೆ ಪಂಪಿನ ಮೈಯೂ ಕೊಳವೆಯ ಹಿತ್ತಾಳೆ ತುದಿಯೂ ಕೈ ಸುಡುವಷ್ಟು ಬಿಸಿಯಾಗಿರುತ್ತವೆ. ತಕ್ಷಣ ಬರಿಗೈಯಿಂದ ಬಿಚ್ಚಬೇಡಿ. ಈ ಬಗೆಯ ಪಂಪಿನ ನಿಜವಾದ ದೋಷ ಕೊಳವೆಯದು. ವಾಲ್ವಿಗೆ ತಿರುಪಿನಂತೆ ಸುತ್ತಿ ಕೂರಿಸುವ ತುದಿಯಾದ್ದರಿಂದ ಬಿಚ್ಚುವಾಗ ಒಂದೆರಡು ಪಿಎಸ್‌ಐ ಗಾಳಿ ಹೋಗಿಯೇ ಹೋಗುತ್ತದೆ. ಕೊಳವೆ ಗಿಡ್ಡ ಮತ್ತು ಬಿರುಸಾದ್ದರಿಂದ, ಒಂದು ಬದಿಯಲ್ಲಿ ಚೈನಿನ ಹಲ್ಲುಚಕ್ರ, ಇನ್ನೊಂದು ಬದಿಯಲ್ಲಿ ಬ್ರೇಕ್ ಡಿಸ್ಕು ಇರುವ ಹಿಂದಿನ ಚಕ್ರದ ವಾಲ್ವಿಗೆ ಅದನ್ನು ಸುತ್ತುವುದು ಸಣ್ಣ ಸಾಹಸವೇ ಸರಿ. ಬಾಗಿದ ವಾಲ್ವ್ ಹಾಕಿಸಿಕೊಂಡ ಮೇಲೆ ನನಗೆ ಆ ತೊಂದರೆ ತಪ್ಪಿದೆ. ಹೊಂದಿಸಬೇಕಾದ ಒತ್ತಡದ ಅಂಕಿ ಟೈರಿನ ಗೋಡೆಯ ಮೇಲೆ ಅಚ್ಚಾದದ್ದಲ್ಲ, ಅದು ಟೈರು ತಾಳುವ ಗರಿಷ್ಠ ಮಿತಿ. ಗಾಡಿಯ ಚೈನ್ ಕವರಿನ ಮೇಲಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂದು ಕೊಟ್ಟಿರುವ ಅಂಕಿಯನ್ನು ಅನುಸರಿಸಬೇಕು. ಬಳಸದೆ ಇಟ್ಟರೂ ಬ್ಯಾಟರಿ ತಾನಾಗಿ ಇಳಿಯುತ್ತದೆ, ಆದ್ದರಿಂದ ಪ್ರಯಾಣದ ಹಿಂದಿನ ರಾತ್ರಿ ಮೊಬೈಲಿನ ಜೊತೆಗೆ ಪಂಪನ್ನೂ ಚಾರ್ಜಿಗೆ ಹಾಕುವ ಅಭ್ಯಾಸ ಮಾಡಿಕೊಂಡಿದ್ದೇನೆ. ಬ್ಯಾಟರಿಯನ್ನು ನಂಬದವರು ಗಾಡಿಯ ಬ್ಯಾಟರಿಗೇ ಕ್ಲಿಪ್ ಹಾಕಿ ಓಡಿಸುವ ಹಳೆಯ ಬಗೆಯ ಪಂಪನ್ನು ಕೊಳ್ಳಬಹುದು. ಅದು ದೊಡ್ಡದು, ಸದ್ದು ಹೆಚ್ಚು, ಆದರೆ ಚಾರ್ಜಿನ ಚಿಂತೆಯಿಲ್ಲ. 16 ಗ್ರಾಂ ಕಾರ್ಬನ್ ಡೈಆಕ್ಸೈಡ್ ಸಿಲಿಂಡರುಗಳು ಸೈಕಲ್ಲಿನವರಿಗೆ ಸರಿ. ಬೈಕಿನ ಹಿಂದಿನ ಟೈರಿಗೆ ಅಂಥವು ಮೂರಾದರೂ ಬೇಕು, ಸ್ಟ್ರಿಪ್ಪು ಸರಿಯಾಗಿ ಕೂರದಿದ್ದರೆ ಮತ್ತೆ ತುಂಬಲು ಏನೂ ಉಳಿಯುವುದಿಲ್ಲ.

ಅಲ್ಲಿಂದ ಗುಂಡ್ಯ ದಾಟಿ, ನೆಲ್ಯಾಡಿಯ ಆಚೆ ಉಪ್ಪಿನಂಗಡಿಯ ದಾರಿಯಲ್ಲಿ ತೆರೆದಿದ್ದ ಪಂಕ್ಚರ್ ಅಂಗಡಿಯವರೆಗೆ ನಲವತ್ತರ ವೇಗ ಮೀರದೆ ಹೋದೆವು. ಮಧ್ಯೆ ಎರಡು ಕಡೆ ನಿಂತು ಒತ್ತಡ ಅಳೆದೆವು, ಇಳಿದಿರಲಿಲ್ಲ. ಅಂಗಡಿಯವರು ಸ್ಟ್ರಿಪ್ಪಿನ ತುದಿಯನ್ನು ಉಗುರಿನಿಂದ ಒತ್ತಿ ನೋಡಿ, "ಹಾಕಿದ್ದು ಸರಿ ಉಂಟು ಅಣ್ಣ. ಇದು ಇಲ್ಲಿವರೆಗೆ ಬರ್ಲಿಕ್ಕೆ ಸಾಕು, ಬೆಂಗಳೂರಿಗೆ ವಾಪಸ್ ಹೋಗ್ಲಿಕ್ಕೆ ಸಾಲುದಿಲ್ಲ" ಎಂದರು. ಈ ಕಿಟ್ಟಿನ ಬಗ್ಗೆ ಅದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ. ಸ್ಟ್ರಿಪ್ಪು ಹೊರಗಿನಿಂದ ತುರುಕಿದ ಬೆಣೆ. ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿದಾಗ ಮಾತ್ರ ಅದನ್ನು ರಿಪೇರಿ ಎನ್ನಬಹುದು. ಅವರು ಟೈರನ್ನು ಬಿಚ್ಚಿ ಮೊದಲು ಮಾಡಿದ್ದು ಒಳಗೆ ಕೈಯಾಡಿಸಿ, ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದ್ದು. ಗಾಳಿಯಿಲ್ಲದೆ ಹೆಚ್ಚು ದೂರ ಓಡಿದ ಟೈರಿನ ಒಳಗೋಡೆ ಉಜ್ಜಿ ಉಜ್ಜಿ ಕಪ್ಪು ರಬ್ಬರ್ ಪುಡಿ ಬಿಟ್ಟಿರುತ್ತದೆ. ಆ ಪುಡಿ ಕೈಗೆ ಹತ್ತಿದರೆ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಆ ಟೈರನ್ನು ಬಿಸಾಡಬೇಕು. ನಮ್ಮದರಲ್ಲಿ ಪುಡಿ ಇರಲಿಲ್ಲ. ಬೇಗ ಮತ್ತು ನೇರವಾಗಿ ನಿಲ್ಲಿಸಿದ್ದಕ್ಕೆ ಟೈರು ಉಳಿಯಿತು, ಹೊಸದಕ್ಕೆ ಕೊಡಬೇಕಾಗಿದ್ದ ಸಾವಿರಾರು ರೂಪಾಯಿ ಉಳಿಯಿತು.

ಈ ಕಿಟ್ಟು ಯಾರಿಗೆ ಬೇಡ ಎಂಬುದನ್ನೂ ಹೇಳಬೇಕು. ಸ್ಪೋಕ್ ಚಕ್ರದ, ಟ್ಯೂಬಿರುವ ಟೈರಿನ ಗಾಡಿಗಳಿಗೆ ಇದು ಕೆಲಸಕ್ಕೆ ಬಾರದು. ರಾಯಲ್ ಎನ್‌ಫೀಲ್ಡ್‌ನವರ, 2016ರಲ್ಲಿ ಬಂದ ಮೊದಲ ಹಿಮಾಲಯನ್ ಗಾಡಿ, ಸ್ಪೋಕ್ ಚಕ್ರದ ಕ್ಲಾಸಿಕ್ 350 ಇಂಥವುಗಳ ಸಾಲಿನವು. ಟ್ಯೂಬು ತೂತಾದರೆ ಗಾಳಿ ವಾಲ್ವಿನ ಬುಡದಿಂದಲೂ ಸ್ಪೋಕಿನ ಕಂಡಿಗಳಿಂದಲೂ ಕ್ಷಣಾರ್ಧದಲ್ಲಿ ಹೊರಹೋಗುತ್ತದೆ, ಹೀಗಾಗಿ ಅಂಥ ಗಾಡಿಯವರಿಗೆ ಮೇಲೆ ಹೇಳಿದ ನಿಲ್ಲಿಸುವ ಕ್ರಮ ಇನ್ನೂ ಹೆಚ್ಚು ಮುಖ್ಯ. ಬ್ಯಾಗಿನಲ್ಲಿ ಇರಬೇಕಾದದ್ದು ಬೇರೆ ಟ್ಯೂಬು, ಟೈರು ಬಿಚ್ಚುವ ಪಟ್ಟಿಗಳು, ಆಕ್ಸಲ್ ಸಡಿಲಿಸುವ ಸ್ಪ್ಯಾನರು, ಮತ್ತು ಇವನ್ನು ಬಳಸಿ ರೂಢಿಯಿರುವ ಕೈ. ಊರೊಳಗೆ ಮಾತ್ರ ಓಡಾಡುವವರಿಗೂ ತುರ್ತು ಇಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲದ ಕಾರಣ ನಾವು ಹೋಗುವುದು ಸರ್ವಿಸ್ ರಸ್ತೆಯಲ್ಲಿ, ಅಲ್ಲಿ ಊರಿಗೊಂದು ಪಂಕ್ಚರ್ ಅಂಗಡಿ ಸಿಗುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮಾತ್ರ ನಾನು ಕಿಟ್ಟನ್ನು ಬಿಟ್ಟು ಹೋಗುವುದಿಲ್ಲ. ಒಬ್ಬರು ದಿನವೂ ಅಯಸ್ಕಾಂತ ಹಿಡಿದು ಅಲ್ಲಿನ ರಸ್ತೆಯಿಂದ ಕಿಲೋಗಟ್ಟಲೆ ಮೊಳೆ ಆರಿಸಿದ ಸುದ್ದಿಯನ್ನು ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಓದಿದ್ದು ಇನ್ನೂ ಮರೆತಿಲ್ಲ.

ಟೈರು ಸಿಡಿದರೆ, ಅಂದರೆ ರಬ್ಬರೇ ಹರಿದು ಬಾಯಿ ಬಿಟ್ಟರೆ, ಯಾವ ಕಿಟ್ಟೂ ನೆರವಿಗೆ ಬರುವುದಿಲ್ಲ. ಆಗ ಗಾಡಿಯನ್ನು ಭದ್ರವಾದ ಜಾಗದಲ್ಲಿ ನಿಲ್ಲಿಸಿ ಸಹಾಯ ಕರೆಯಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಯಾರಿಗಾದರೂ ಪೆಟ್ಟಾಗಿದ್ದರೆ 112. ಸಿಡಿತದ ಕಾರಣಗಳು ಹೆಚ್ಚಾಗಿ ಮನೆಯಲ್ಲಿಯೇ ಕಣ್ಣಿಗೆ ಬೀಳುವಂಥವು. ಗಾಳಿ ಕಡಿಮೆಯಿದ್ದು ಭಾರ ಹೆಚ್ಚಾದರೆ ಟೈರಿನ ಗೋಡೆ ಮಡಚಿ ಮಡಚಿ ಕಾಯುತ್ತದೆ. ಗುಂಡಿಗೆ ಬಿದ್ದ ಹೊಡೆತದಿಂದ ಒಳಗಿನ ಎಳೆಗಳು ತುಂಡಾದರೆ ಗೋಡೆಯ ಮೇಲೆ ಬುಗುಟೆ ಏಳುತ್ತದೆ. ವಯಸ್ಸಾದ ರಬ್ಬರು ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿಗಳು 3521 ಎಂದಿದ್ದರೆ ಅದು 2021ರ 35ನೇ ವಾರದಲ್ಲಿ ತಯಾರಾದದ್ದು ಎಂದು ತಿಳಿಯಬೇಕು. ದ್ವಿಚಕ್ರ ವಾಹನದ ಟೈರಿನ ಗ್ರಿಪ್ಪಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ, ಆದರೆ ಮಲೆನಾಡಿನ ಮಳೆಯಲ್ಲಿ ಅಷ್ಟು ಸವೆಯುವವರೆಗೆ ಕಾಯುವುದು ನನ್ನ ದೃಷ್ಟಿಯಲ್ಲಿ ತರವಲ್ಲ. ಟೈರಿನೊಳಗೆ ಮೊದಲೇ ಸುರಿದಿಡುವ ಸೀಲಂಟ್ ದ್ರವವನ್ನೂ ಕೆಲವರು ಮೆಚ್ಚುತ್ತಾರೆ. ಸಣ್ಣ ಮೊಳೆಗಳಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಪ್ಯಾಚ್ ಹಾಕುವಾಗ ಒಳಗೆಲ್ಲ ತೊಳೆದು ಒಣಗಿಸಬೇಕಾಗುವುದರಿಂದ ಅಂಗಡಿಯವರಿಗೆ ಅದರ ಮೇಲೆ ಪ್ರೀತಿಯಿಲ್ಲ. ಹಾಕಿಸಿದ್ದರೆ ಟೈರು ಬಿಚ್ಚುವ ಮೊದಲು ಅವರಿಗೆ ತಿಳಿಸಿ.

ಅಂಕ ಕೊಡಬೇಕೆಂದರೆ ಪಂಪಿಗೆ ಐದಕ್ಕೆ ನಾಲ್ಕು, ಕಿಟ್ಟಿಗೆ ಮೂರು. ಕಿಟ್ಟಿಗೆ ಒಂದು ಅಂಕ ಹೋದದ್ದು ಇಕ್ಕಳ ಇಲ್ಲದ್ದಕ್ಕೆ, ಇನ್ನೊಂದು ಸೂಚನಾಪತ್ರಕ್ಕೆ. ಅದರಲ್ಲಿ ಒಂದು ಅಕ್ಷರವೂ ಕನ್ನಡದಲ್ಲಿಲ್ಲ, ಇಂಗ್ಲಿಷಿನಲ್ಲಿಯೂ ವೇಗದ ಮಿತಿ, ಗೋಡೆಯ ತೂತು, ಒಳಗಿನ ಪ್ಯಾಚ್ ಈ ಮೂರರ ಪ್ರಸ್ತಾಪವೇ ಇಲ್ಲ. ಕೊಂಡವರು ಮೊದಲ ಬಾರಿ ಇದನ್ನು ಘಟ್ಟದಲ್ಲಿ ಬಿಚ್ಚಬಾರದು. ನಿಮ್ಮ ಊರಿನ ಪಂಕ್ಚರ್ ಅಂಗಡಿಯಲ್ಲಿ ಬಿಸಾಡಲೆಂದು ಇಟ್ಟ ಹಳೆಯ ಟೈರು ಯಾವಾಗಲೂ ಇರುತ್ತದೆ. ಕೇಳಿದರೆ ಕೊಡುತ್ತಾರೆ, ಅದಕ್ಕೆ ಮೊಳೆ ಹೊಡೆದು, ಕಿತ್ತು, ಸ್ಟ್ರಿಪ್ಪು ಹಾಕಿ ಅಭ್ಯಾಸ ಮಾಡಬಹುದು. ಕಿಟ್ಟಿನ ಸ್ಟ್ರಿಪ್ಪುಗಳನ್ನು ಅದಕ್ಕೆ ಖರ್ಚು ಮಾಡದೆ ಬಿಡಿಯಾಗಿ ಒಂದು ಪೊಟ್ಟಣ ಕೊಂಡು ತನ್ನಿ, ಹಾಗೆಯೇ ಸೊಲ್ಯೂಷನ್ನಿನ ಇನ್ನೊಂದು ಟ್ಯೂಬನ್ನು ಒಡೆಯದೆ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.